ಗಿರಿಯಮ್ಮನ ಹೊಟ್ಟೆಕಿಚ್ಚು ಲಿಂಗಸುಗೂರು ಬಸ್ಸು ಹತ್ತಿದ್ದು

ಗಿರಿಯಮ್ಮನಿಗೆ ಶಾಲೆ ಮೈದಾನ ಸಮ ಮಾಡಿದ ಎರಡು ವಾರದ ಕೂಲಿ ಇನ್ನೂ ಬಂದಿಲ್ಲ. ಉದ್ಯೋಗ ಖಾತರಿಯ ಕೆಲಸ. ಜಾಲಿ ಕಡಿದವಳು ಅವಳು, ಕಲ್ಲು ಆರಿಸಿದವಳು ಅವಳು, ಮಣ್ಣಿನ ಬುಟ್ಟಿ ಹೊತ್ತವಳು ಅವಳು. ನಾವು ಕೂಲಿಕಾರರ ಸಂಘದವರು ಅರ್ಜಿ ಕೊಟ್ಟಿದ್ದೇವೆ, ಪಂಚಾಯಿತಿ ಬಾಗಿಲಲ್ಲಿ ಕೂತಿದ್ದೇವೆ, ಇನ್ನೂ ಕೂರುತ್ತೇವೆ. ಆ ಜಗಳ ಅಲ್ಲಿ ನಡೆಯುತ್ತಿರಲಿ. ಇಲ್ಲಿ ಬರೆಯಹೊರಟಿದ್ದು ಅವಳ ಹೊಟ್ಟೆಕಿಚ್ಚಿನ ವಿಷಯ. “ಬರೀರಿ, ನನ್ನ ಹೆಸರು ಹಾಕೇ ಬರೀರಿ. ಹೊಟ್ಟಿಕಿಚ್ಚು ಯಾರಿಗಿಲ್ಲ? ನಂದು ನಾ ಹೇಳ್ತೀನಿ, ಉಳಿದೋರು ಹೇಳಂಗಿಲ್ಲ, ಅಷ್ಟ” ಎಂದು ಅವಳೇ ಅಪ್ಪಣೆ ಕೊಟ್ಟಿದ್ದಾಳೆ.

ಅವಳ ಊರು ಸಾಲಗುಂದ ದಾಟಿ ಕಾಲುವೆ ದಂಡೆ ಹಿಡಿದು ಮುಂದೆ ಹೋದರೆ ಸಿಗುತ್ತದೆ. ಊರಿನ ಹೆಸರು ಬೇಡ. ಗಂಡ ಆಂಜನೇಯ ಸಿಂಧನೂರಿನ ರೈಸ್‌ಮಿಲ್ಲಿನಲ್ಲಿ ಹಮಾಲಿ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಗಿರಿಯಮ್ಮ ನಾಟಿ ಗುಂಪಿನ ಮುಂದಾಳು. ಹೆಂಗಸರನ್ನು ಟಂಟಂ ಆಟೋದಲ್ಲಿ ತುಂಬಿಕೊಂಡು ಆರ್.ಎಚ್. ಕ್ಯಾಂಪಿನ ಗದ್ದೆಗಳ ತನಕ ಹೋಗಿ ಭತ್ತದ ಸಸಿ ಹಚ್ಚಿ ಬರುತ್ತಾಳೆ. ಧರಣಿಯಲ್ಲಿ ಅವಳು ಘೋಷಣೆ ಕೂಗಿದರೆ ಮೈಕು ಬೇಕಾಗುವುದಿಲ್ಲ. ಎತ್ತರದ ಆಳು, ಉದ್ದ ಕಾಲು, ನಡೆದರೆ ಉಳಿದವರು ಓಡಬೇಕು.

ಮೈದಾನ ಬಂದದ್ದು ಹೀಗೆ. ದಿಲ್ಲಿಯಲ್ಲಿ ದೊಡ್ಡವರು ಕೂತು ಯೋಚಿಸಿದರಂತೆ: ದೇಶದ ಮಕ್ಕಳೂ ಹರೆಯದವರೂ ಕೂತಲ್ಲೇ ಕೂತು, ಕೈಯಲ್ಲಿ ಮೊಬೈಲು ಹಿಡಿದು ಕೆಡುತ್ತಿದ್ದಾರೆ; ದಿನಕ್ಕೆ ಒಂದು ತಾಸಾದರೂ ಮೈ ಬೆವರಬೇಕು; ಊರಿಗೊಂದು ಆಟದ ಬಯಲು ಬೇಕು; ಓಡುವ ಮಕ್ಕಳನ್ನು ಊರೂರಿನಲ್ಲಿ ಹುಡುಕಿ ಮೇಲೆ ತರಬೇಕು. ಯೋಜನೆ ಬೆಂಗಳೂರಿಗೆ ಇಳಿಯಿತು, ರಾಯಚೂರಿಗೆ ಇಳಿಯಿತು, ಸಿಂಧನೂರು ದಾಟಿ ಗಿರಿಯಮ್ಮನ ತಲೆಯ ಮೇಲೆ ಮಣ್ಣಿನ ಬುಟ್ಟಿಯಾಗಿ ಕೂತಿತು. ಯೋಜನೆಯ ಬಗ್ಗೆ ನನಗೆ ತಕರಾರಿಲ್ಲ. ಭತ್ತ ಕೊಯ್ದ ಕಾಲಕ್ಕೆ ರಸ್ತೆ, ಗುಡಿ ಮುಂದಿನ ಕಟ್ಟೆ, ಶಾಲೆ ಅಂಗಳ ಎಲ್ಲದರ ಮೇಲೂ ಕಾಳು ಹರವುವ ಊರಿದು. ಮಕ್ಕಳಿಗಂತ ಒಂದು ತುಂಡು ನೆಲ ಬಂದರೆ ಬೇಡ ಅನ್ನುವ ಮೂರ್ಖ ನಾನಲ್ಲ.

ಮೈದಾನದ ಜೊತೆಗೆ ಒಬ್ಬ ತರಬೇತಿ ಟೀಚರೂ ಬಂದಳು. ಅಸ್ಮಾ. ಮಸ್ಕಿಯ ಹುಡುಗಿ, ಸುತ್ತಲ ನಾಲ್ಕಾರು ಶಾಲೆಗೆ ಸ್ಕೂಟಿಯಲ್ಲಿ ತಿರುಗುತ್ತಾಳೆ. ತಲೆಗೆ ಬಿಗಿಯಾಗಿ ದುಪಟ್ಟಾ, ಕಾಲಿಗೆ ಬೂಟು, ಕೊರಳಿಗೆ ಸೀಟಿ. ಮೊದಲ ದಿನವೇ ಗಿರಿಯಮ್ಮ ಹುಲ್ಲಿನ ಹೊರೆ ಇಳಿಸಿ ಶಾಲೆಯ ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಂತು ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು.

“ಏನವಾ, ಸೀಟಿ ಊದಾಕ ಪಗಾರ ಕೊಡ್ತಾರೇನು ನಿನಗ?”

“ಹೌದಕ್ಕಾ. ನೀವೂ ಬರ್ರಿ, ಜರಾ ಊದಿ ನೋಡ್ರಿ” ಎಂದು ಅಸ್ಮಾ ನಕ್ಕಳು.

ಗಿರಿಯಮ್ಮ ನಗಲಿಲ್ಲ. ಹೊರೆ ಎತ್ತಿಕೊಂಡು ಹೋದಳು. ಮಾರನೆಯ ದಿನ ಅದೇ ಹೊತ್ತಿಗೆ ಅದೇ ಜಾಗಕ್ಕೆ ಬಂದು ನಿಂತಳು. ಅದರ ಮಾರನೆಯ ದಿನವೂ.

ಮೈದಾನದಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತಿದ್ದವಳು ಅವಳ ಮಗಳು ದೀಪಿಕಾ. ಮೂರು ಮಕ್ಕಳಲ್ಲಿ ಕೊನೆಯವಳು, ಏಳನೆಯ ತರಗತಿ. ಅವಳ ಬೆನ್ನ ಹಿಂದೆಯೇ ಓಡುತ್ತಿದ್ದವಳು ರೂಪಾ. ಗಿರಿಯಮ್ಮನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ಪಂಪಮ್ಮನ ಮಗಳು. ಇಬ್ಬರೂ ಒಂದೇ ವಾರಿಗೆ, ಒಂದೇ ತರಗತಿ, ಒಂದೇ ಓಣಿ. ಹುಡುಗಿಯರು ಒಂದೇ ತಟ್ಟೆಯಲ್ಲಿ ಉಣ್ಣುವಷ್ಟು ಗೆಳೆತನ. ತಾಯಂದಿರು ಒಬ್ಬರ ಒಲೆಯ ಹೊಗೆ ಒಬ್ಬರಿಗೆ ಆಗದವರು. ಪಂಪಮ್ಮ ಬಂದ ವರ್ಷವೇ ಗಂಡನನ್ನು ಬೇರೆ ಮಾಡಿಸಿಕೊಂಡು ಪಕ್ಕದಲ್ಲೇ ಮನೆ ಕಟ್ಟಿಸಿದಳು. ಆ ಮನೆಗೆ ಟೈಲ್ಸ್ ಬಂದಾಗ ಗಿರಿಯಮ್ಮ ಒಂದು ವಾರ ಆ ಕಡೆ ಮುಖ ಹಾಕಲಿಲ್ಲ.

ಪಂಪಮ್ಮನ ಮೇಲಿನ ಹೊಟ್ಟೆಕಿಚ್ಚು ಹಳೆಯದು, ಊರಿಗೆಲ್ಲ ಗೊತ್ತಿದ್ದದ್ದು. ಕಾಂಪೌಂಡಿಗೆ ಒರಗಿ ನಿಂತಾಗ ಹುಟ್ಟಿದ್ದು ಬೇರೆ. ಅದು ಸ್ವಂತ ಮಗಳ ಮೇಲೆ. ಅದನ್ನು ಅವಳು ಯಾರಿಗೂ ಹೇಳುವಂತಿರಲಿಲ್ಲ.

ಒಂದು ಸಂಜೆ ಓಟ ಮುಗಿಸಿದ ದೀಪಿಕಾಳ ಬೆನ್ನಿಗೆ ಅಸ್ಮಾ ಚಪ್ಪರಿಸಿ, “ಎಲ್ಲಿಂದ ಬಂತು ಲೇ ಈ ಕಾಲು ನಿನಗ?” ಎಂದು ಕೇಳಿದಳು.

“ನಮ್ಮಪ್ಪಂದ್ರಿ ಟೀಚರ್. ಅಷ್ಟಷ್ಟು ದೊಡ್ಡ ಚೀಲ ಹೊರ್ತಾರ” ಎಂದಳು ಹುಡುಗಿ.

ಕಾಂಪೌಂಡಿನ ಆಚೆ ನಿಂತವಳಿಗೆ ಕೆನ್ನೆಗೆ ಹೊಡೆದಂತಾಯಿತು. ಆ ರಾತ್ರಿ ಅಡುಗೆಗೆ ಉಪ್ಪು ಹಾಕಿದ್ದಾಳೋ ಇಲ್ಲವೋ ಅವಳಿಗೇ ನೆನಪಿರಲಿಲ್ಲ. ಆಂಜನೇಯ ಒಳ್ಳೆಯವನೇ, ಆದರೆ ಓಡುವ ಬಸ್ಸು ಹಿಡಿಯಲಾರದ ಮನುಷ್ಯ. ದೀಪಿಕಾ ಓಡುವಾಗ ಬಲ ಮೊಣಕೈ ಹೊರಕ್ಕೆ ಚಾಚುತ್ತದೆ, ಕುತ್ತಿಗೆ ಮುಂದೆ ಬರುತ್ತದೆ. ಅದು ಗಿರಿಯಮ್ಮನ ಓಟ. ಆದರೆ ಮಗಳಿಗೆ ಹೇಗೆ ಗೊತ್ತಾಗಬೇಕು? ತಾಯಿ ಓಡಿದ್ದನ್ನು ಈ ಊರಿನ ಒಬ್ಬರೂ ನೋಡಿಲ್ಲ.

ಗಿರಿಯಮ್ಮನ ತವರು ಮುದಗಲ್ ಹತ್ತಿರ. ಅಲ್ಲಿನ ಶಾಲೆಯಲ್ಲಿ ಓಟಕ್ಕೆ ಅವಳನ್ನು ಬಿಟ್ಟರೆ ಗಂಡುಹುಡುಗರಿಗೂ ಎರಡನೆಯ ನಂಬರೇ. ಏಳನೆಯ ತರಗತಿಯಲ್ಲಿದ್ದಾಗ ಲಿಂಗಸುಗೂರಿನ ತಾಲ್ಲೂಕು ಆಟಕ್ಕೆ ಆರಿಸಿದರು. ಹೋಗಬೇಕಾದ ವಾರವೇ ಅವಳು ದೊಡ್ಡವಳಾದಳು. ಮೂಲೆಗೆ ಚಾಪೆ ಹಾಸಿ ಕೂಡಿಸಿದರು, ಆರತಿ ಎತ್ತಿದರು, ಸೋಬಾನೆ ಹಾಡಿದರು, ಕೊಬ್ಬರಿ ಬೆಲ್ಲ ತಿನ್ನಿಸಿದರು. ಮೂಲೆಯಿಂದ ಎದ್ದವಳು ಶಾಲೆಗೆ ಹೋಗಲಿಲ್ಲ, ಹತ್ತಿ ಬಿಡಿಸಲು ಹೋದಳು. ಮರುವರ್ಷ ಸಿಂಧನೂರು ಕಡೆಗೆ ಸೊಸೆಯಾಗಿ ಬಂದಳು. ಇದರಲ್ಲಿ ಹೊಸದೇನೂ ಇಲ್ಲ, ನಮ್ಮ ಕಡೆ ಮನೆಗೊಂದು ಇಂಥ ಕಥೆ ಇದೆ. ಹೇಳಿಕೊಂಡು ಅಳುವ ಜಾತಿಯೂ ಅವಳದಲ್ಲ. ಅಳುವ ಬದಲು ಉರಿದಳು. ಬೇರೆ ಯಾರದೋ ಮಗಳು ಓಡಿದ್ದರೆ ಬೈದು ಹಗುರಾಗಬಹುದಿತ್ತು. ತಾನೇ ಮೊಟ್ಟೆ ಕುದಿಸಿ ಕೊಟ್ಟು, ತಾನೇ ಜಡೆ ಬಿಗಿದು, ತಾನೇ ಸಮ ಮಾಡಿದ ನೆಲದ ಮೇಲೆ ತನ್ನದೇ ಕಾಲು ತನ್ನನ್ನು ಬಿಟ್ಟು ಓಡುತ್ತಿದ್ದರೆ ಯಾರನ್ನು ಬೈಯುವುದು?

ಕಾರ್ತಿಕದ ಕೊನೆಗೆ ಸುದ್ದಿ ಬಂತು. ಯೋಜನೆಯವರ ಆಯ್ಕೆ ಶನಿವಾರ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ತಾಲ್ಲೂಕಿನ ಶಾಲೆಗಳಿಂದ ಒಬ್ಬೊಬ್ಬ ಹುಡುಗಿ ಬರಬೇಕು. ಮೊದಲ ಮೂವರಿಗೆ ರಾಯಚೂರಿನಲ್ಲಿ ಬೇಸಿಗೆ ಶಿಬಿರ. ಈ ಶಾಲೆಯಿಂದ ದೀಪಿಕಾ. ಜಾಗ ಲಿಂಗಸುಗೂರು.

ಲಿಂಗಸುಗೂರು ಅಂತ ಕೇಳಿದ್ದೇ ಗಿರಿಯಮ್ಮ ಹಿಡಿದಿದ್ದ ಮೊರ ಕೆಳಗಿಟ್ಟು ಹಿತ್ತಲಿಗೆ ಹೋದಳು.

ಬುಧವಾರ ಮುಂಜಾನೆ ದೀಪಿಕಾ ತಾಯಿಯನ್ನು ಬಚ್ಚಲಿಗೆ ಕರೆದಳು. ಹುಡುಗಿ ಹೆದರಿರಲಿಲ್ಲ. ಶಾಲೆಯಲ್ಲಿ ಅಸ್ಮಾ ಟೀಚರ್ ಎಲ್ಲ ತಿಳಿಸಿ ಹೇಳಿದ್ದಳು, ಪ್ಯಾಡನ್ನೂ ಕೊಟ್ಟಿದ್ದಳು.

“ಯವ್ವಾ, ಯಾರಿಗೂ ಹೇಳಬ್ಯಾಡ. ಶನಿವಾರ ಒಂದು ಮುಗೀಲಿ. ಹಿಂದಿನೋಣಿ ಉಮಾದೇವಕ್ಕ ತನ್ನ ಮಗಳದು ಪರೀಕ್ಷಿ ಮುಗಿಯೂತನ ಹೇಳೇ ಇಲ್ಲಲ್ಲ, ಹಂಗ.”

ಇದು ಖರೆ. ಈಗೀಗ ನಮ್ಮ ಊರುಗಳಲ್ಲಿ ತಾಯಂದಿರು ಹೀಗೇ ಮಾಡುತ್ತಾರೆ. ಮಗಳಿಗೆ ಪರೀಕ್ಷೆ ಇದ್ದರೆ, ಮನೆಯಲ್ಲಿ ಮದುವೆ ಇದ್ದರೆ, ಸುದ್ದಿಯನ್ನು ನಾಲ್ಕು ದಿನ ಸೆರಗಿನಲ್ಲಿ ಕಟ್ಟಿಕೊಂಡು, ಅನುಕೂಲ ನೋಡಿ ಬಿಚ್ಚುತ್ತಾರೆ. ಬಿಚ್ಚಿದ ದಿನವೇ ದೊಡ್ಡವಳಾದಳು ಎಂದು ಲೆಕ್ಕ. ಎಲ್ಲರಿಗೂ ಗೊತ್ತು, ಯಾರೂ ಕೇಳುವುದಿಲ್ಲ.

“ಆತು ಬಿಡು” ಎಂದಳು ಗಿರಿಯಮ್ಮ. ಕೊಡ ಎತ್ತಿಕೊಂಡು ನಳಕ್ಕೆ ಹೋದಳು. ನಳದ ಹತ್ತಿರ ಪಂಪಮ್ಮ ಇದ್ದಳು.

“ಏನಕ್ಕಾ, ದೀಪಿ ಇನ್ನೂ ಮೈದಾನಕ್ಕ ಹೋಗಿಲ್ಲ? ದಿನಾ ಕೋಳಿ ಕೂಗೂದ್ರಾಗ ಹೋಗ್ತಿದ್ಲು.”

ಗಿರಿಯಮ್ಮ ಕೊಡ ನಳಕ್ಕಿಟ್ಟು, ನೀರು ಬೀಳುವ ಸದ್ದಿಗಿಂತ ಜೋರಾಗಿ ಹೇಳಿದಳು: “ಇನ್ನೆಲ್ಲಿ ಮೈದಾನ? ದೊಡ್ಡಾಕಿ ಆಗ್ಯಾಳ.”

ಬಾಯಿ ಜಾರಿದ್ದಲ್ಲ. ಇಪ್ಪತ್ತು ಹೆಂಗಸರ ಗುಂಪು ನಡೆಸುವವಳ ಬಾಯಿ ಹಾಗೆಲ್ಲ ಜಾರುವುದಿಲ್ಲ. ಕೊಡ ತುಂಬುವಷ್ಟರಲ್ಲಿ ಓಣಿಗೆಲ್ಲ ಸುದ್ದಿ ಮುಟ್ಟಿತು. ಅವಳ ಅತ್ತೆ ಆದಮ್ಮನಿಗಂತೂ ಹಬ್ಬ. ಭತ್ತದ ಚೀಲಗಳ ಹಿಂದಿನ ಮೂಲೆ ಗುಡಿಸಿ, ಚಾಪೆ ಹಾಸಿ, ಮೊಮ್ಮಗಳನ್ನು ಕೂಡಿಸಿಯೇಬಿಟ್ಟಳು. ಐದು ದಿನ ಹೊಸ್ತಿಲು ದಾಟುವಂತಿಲ್ಲ. ಭಾನುವಾರ ಮೈತೊಳೆಯುವುದು.

ದೀಪಿಕಾ ಅಳಲಿಲ್ಲ, ಕೂಗಾಡಲಿಲ್ಲ. ತಾಯಿಯನ್ನು ಒಮ್ಮೆ ನೋಡಿ ಗೋಡೆಗೆ ಮುಖ ಮಾಡಿದಳು. ಅವತ್ತಿನಿಂದ ತಾಯಿಯ ಜೊತೆ ಮಾತು ಬಿಟ್ಟಳು.

ಸಂಜೆ ಅಸ್ಮಾ ಸ್ಕೂಟಿ ನಿಲ್ಲಿಸಿ ಒಳಗೆ ಬಂದಳು. “ಅಕ್ಕಾ, ಇದೇನ್ರಿ? ಶನಿವಾರ ಐತಲ್ಲ!”

“ನಮ್ಮ ಮನಿ ಪದ್ಧತಿ ನಿಮಗ ಗೊತ್ತಿಲ್ಲ ಬಿಡವಾ.”

“ಪದ್ಧತಿ ನಮ್ಮಲ್ಲೂ ಐತಿ ಅಕ್ಕಾ. ನಮ್ಮಮ್ಮೀನೂ ನನ್ನ ಕಟ್ಟಿ ಹಾಕಿದ್ಲು, ನಮ್ಮ ಅಬ್ಬಾ ಬಿಡಿಸಿದ್ರು. ಒಂದೇ ದಿನ ಕಳಿಸ್ರಿ. ನಾ ಖುದ್ದ ಕರ್ಕೊಂಡು ಹೋಗಿ ಕರ್ಕೊಂಡು ಬರ್ತೀನಿ.”

“ಬಿಡಿಸೋ ಅಪ್ಪ ನಿನಗಿದ್ದ. ಎಲ್ಲಾರಿಗೂ ಇರ್ತಾನೇನು?” ಎಂದಳು ಗಿರಿಯಮ್ಮ. ಆ ಮಾತಿನಲ್ಲಿದ್ದ ಉರಿ ದೀಪಿಕಾಳ ಕುರಿತದ್ದಲ್ಲ ಎಂದು ಅಸ್ಮಾಗೆ ಹೇಗೆ ತಿಳಿಯಬೇಕು? ಅವಳು ಹೊರಡುವಾಗ ಹೇಳಿದಳು: “ಹಂಗಾದ್ರ ರೂಪಾನ್ನ ಕರ್ಕೊಂಡು ಹೋಗ್ತೀನ್ರಿ. ಶಾಲಿಯಿಂದ ಒಬ್ಬಾಕಿ ಹೋಗಲೇಬೇಕು.”

ಇದು ಗಿರಿಯಮ್ಮ ಯೋಚಿಸದೇ ಇದ್ದ ವಿಷಯ. ಮಗಳು ಹೋಗದಿದ್ದರೆ ಯಾರೂ ಹೋಗುವುದಿಲ್ಲ ಎಂದೇ ಅವಳು ತಿಳಿದಿದ್ದಳು. ಅವಳು ಮೂಲೆಗೆ ಕೂತ ವರ್ಷ ಅವಳ ಬದಲು ಯಾರು ಹೋದರು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಶುಕ್ರವಾರದ ಆರತಿಗೆ ಪಂಪಮ್ಮ ಎಲ್ಲರಿಗಿಂತ ಮೊದಲು ಬಂದಳು. ತುಪ್ಪ ಸುರಿಯುವ ಸಿಹಿ ಮಾದಲಿ ತಂದಳು, ಹಸಿರು ಕುಪ್ಪಸ ತಂದಳು, ಸೋಬಾನೆ ಹಾಡುವಾಗ ಅವಳದೇ ದನಿ ಮೇಲೆ. ಪಕ್ಕದಲ್ಲಿ ರೂಪಾ ಹೊಸ ಬೂಟು ಹಾಕಿಕೊಂಡು ನಿಂತಿದ್ದಳು. ಬಿಳಿ ಬೂಟು, ಗುಲಾಬಿ ಲಾಡಿ, ಸಿಂಧನೂರಿನ ಅಂಗಡಿಯದು. ಹೊಸ್ತಿಲ ಹೊರಗೆ ಬಿಚ್ಚಿ ಬರಬೇಕಾದ ಬೂಟನ್ನು ಪಂಪಮ್ಮ ಬಿಚ್ಚಿಸಿರಲಿಲ್ಲ.

“ಪಾಪ, ದೀಪಿ ಹಣೇಬರದಾಗ ಇಲ್ಲ ನೋಡಕ್ಕಾ” ಎಂದಳು ಪಂಪಮ್ಮ, ಮಾದಲಿ ಬಡಿಸುತ್ತ. “ಇರ್ಲಿ ಬಿಡು, ಮನಿ ಮರ್ಯಾದಿ ದೊಡ್ದು. ನಮ್ಮಾಕಿ ಇನ್ನೂ ಸಣ್ಣಾಕಿ, ಆಕಿನರ ಲಿಂಗಸುಗೂರು ನೋಡಿ ಬರ್ಲಿ. ಬರೂ ಮುಂದ ದೀಪಿಗೆ ಒಂದು ಜೊತಿ ಬಳಿ ತರ್ತೀವಿ.”

“ತರ್ರಿ, ತರ್ರಿ. ನನಗೂ ಒಂದು ಡಜನ್ ತರ್ರಿ” ಎಂದಳು ಗಿರಿಯಮ್ಮ. ಮಗಳ ಮೇಲಿನ ಕಿಚ್ಚು ಒಳಗೆ ಮೆಲ್ಲಗೆ ಬೇಯಿಸುವ ಕೆಂಡವಾದರೆ, ಇದು ಹುಲ್ಲಿನ ಬಣವೆಗೆ ಬಿದ್ದ ಬೆಂಕಿ.

ಶನಿವಾರ ಹೊತ್ತು ಹುಟ್ಟುವ ಮೊದಲೇ ಎದ್ದು ಗಿರಿಯಮ್ಮ ನೀರು ಕಾಸಿದಳು. ಮೂಲೆಗೆ ಹೋಗಿ, “ಏಳು” ಎಂದಳು. ದೀಪಿಕಾ ಅಲುಗಲಿಲ್ಲ.

“ಏಳ ಅಂದ್ನಿ. ಜಳಕ ಮಾಡು. ಲಿಂಗಸುಗೂರಿಗೆ ಹೋಗೂದೈತಿ.”

ಹುಡುಗಿ ನಂಬದೆ ನೋಡಿದಳು. ಆಮೇಲೆ ಎದ್ದ ವೇಗ ನೋಡಬೇಕಿತ್ತು. ಚೀಲಗಳ ಆಚೆ ಮಲಗಿದ್ದ ಆದಮ್ಮ ಕೋಲು ತಡಕಾಡಿ ಎದ್ದು ಬಾಗಿಲಿಗೆ ಅಡ್ಡ ನಿಂತಳು.

“ಯಾರ್ನ ಕೇಳಿ ಎಬ್ಬಿಸಿದಿ ಆಕಿನ್ನ? ಮೈ ತೊಳಿಯೂದು ನಾಳಿ. ಹೊಸ್ತಿಲ ದಾಟಿದ್ರ ನೋಡು!”

“ಅತ್ತಿ, ಸ್ವಲ್ಪ ಕೇಳ್ರಿ.”

“ಏನೂ ಕೇಳಂಗಿಲ್ಲ. ನಿನಗರ ಬುದ್ಧಿ ಬ್ಯಾಡೇನು? ನೀನ ಊರ ತುಂಬ ಸಾರಿದಿ, ಈಗ ನೀನ ಎಬ್ಬಿಸಾಕತ್ತಿ.”

“ಇಕಿ ಹೋಗ್ಲಿಲ್ಲಂದ್ರ ಪಂಪಿ ಮಗಳು ಹೋಗ್ತಾಳ.”

ಆದಮ್ಮನ ಕೋಲು ನೆಲಕ್ಕೆ ಬಡಿಯುವುದು ನಿಂತಿತು. ಮಗನನ್ನು ಬೇರೆ ಮಾಡಿಕೊಂಡು ಹೋದ ಸಣ್ಣ ಸೊಸೆ, ಹಬ್ಬಕ್ಕೆ ಹೋಳಿಗೆ ಕಳಿಸದ ಸಣ್ಣ ಸೊಸೆ, ಬೂಟು ಹಾಕಿಸಿಕೊಂಡು ದೇವರ ಮನೆ ತನಕ ಮಗಳನ್ನು ತಂದ ಸಣ್ಣ ಸೊಸೆ.

“ಪಂಪಿ ಮಗಳಾ?” ಎಂದಳು ಮುದುಕಿ. “ಬೂಟ ಅದಕ್ಕ ತಂದಿದ್ಲೇನು?”

“ಮತ್ತ್ಯಾತಕ್ಕ?”

ಆದಮ್ಮ ಬಾಗಿಲಿನಿಂದ ಸರಿದಳು. “ಹಿತ್ತಲ ಬಾಗಲಾಗಿಂದ ಹೋಗ್ರಿ, ಯಾರಿಗೂ ಕಾಣಂಗಿಲ್ಲ.”

“ಹಿತ್ತಲ ಬಾಗಲ ಯಾಕ? ಮುಂದಿನ ಬಾಗಲದಿಂದನ ಹೋಗ್ತೀವಿ. ಆಕಿ ನೋಡಬೇಕು.”

“ಹಂಗಾರ ತಡಿ” ಎಂದ ಮುದುಕಿ ಒಳಗೆ ಹೋಗಿ, ಆರತಿಗೆ ತಂದಿದ್ದ ಕೊಬ್ಬರಿ ಬೆಲ್ಲವನ್ನು ಅರಿವೆಯಲ್ಲಿ ಕಟ್ಟಿ ಮೊಮ್ಮಗಳ ಕೈಗಿಟ್ಟಳು. “ಓಡೂ ಮುಂದ ತಿನ್ನು. ಆಕಿ ಮಗಳಿಗೆ ಕೊಡಬ್ಯಾಡ.”

ಸಿಂಧನೂರು ಬಸ್‌ಸ್ಟ್ಯಾಂಡಿನಲ್ಲಿ ಲಿಂಗಸುಗೂರು ಬಸ್ಸು ಹತ್ತಿದಾಗ ಪಂಪಮ್ಮ ಮತ್ತು ರೂಪಾ ಮುಂದಿನ ಸೀಟಿನಲ್ಲೇ ಇದ್ದರು. ಹೆಂಗಸರಿಗೆ ಬಸ್ಸು ಪುಕ್ಕಟೆ. ಆಧಾರ್ ತೋರಿಸಿದರೆ ಸಾಕು, ಯಾರು ಯಾರ ಮೇಲೆ ಉರಿದುಕೊಂಡು ಹೊರಟಿದ್ದಾರೆ ಎಂದು ಕಂಡಕ್ಟರ್ ಕೇಳುವುದಿಲ್ಲ.

ಪಂಪಮ್ಮ ಸೀಟಿನಿಂದ ಅರ್ಧ ಎದ್ದಳು. “ಯವ್ವಾ! ಅಕ್ಕಾ! ಇದೇನು, ಮೂಲ್ಯಾಗಿನ ಹುಡುಗೀನ್ನ ಬಸ್ಸಿಗೆ ತಂದೀಯಲ್ಲ! ಮಂದಿ ಅದಾರ, ಮುಟ್ಟ ತಟ್ಟ ಅಂಬೂದು ಏನರ ಐತೋ ಇಲ್ಲೋ?”

“ನಿನಗ ತಟ್ಟಿದ್ರ ಇಳಿ. ಹಿಂದೊಂದು ಬಸ್ಸು ಬರ್ತೈತಿ.”

“ನಾ ಯಾಕ ಇಳೀಲಿ? ನನ್ನ ಮಗಳಿಗೆ ಟೀಚರ್ ಹೇಳ್ಯಾರ.”

“ನನ್ನ ಮಗಳಿಗೆ ಮದ್ಲ ಹೇಳ್ಯಾರ.”

“ಯಕ್ಕಾಗಳಿರಾ, ಬಸ್ಸು ನಿಲ್ಲಿಸಿ ತೀರ್ಮಾನ ಮಾಡಿ ಬಿಡ್ರಿ, ನಾವು ಚಾ ಕುಡಿದು ಬರ್ತೀವಿ” ಎಂದ ಹಿಂದಿನ ಸೀಟಿನ ಮುದುಕ. ಬಸ್ಸೆಲ್ಲ ನಕ್ಕಿತು.

ಹುಡುಗಿಯರಿಬ್ಬರೂ ಅಷ್ಟರಲ್ಲಿ ಒಂದೇ ಸೀಟಿನಲ್ಲಿ ಸೇರಿದ್ದರು. ಆದಮ್ಮ ಕಟ್ಟಿಕೊಟ್ಟಿದ್ದ ಕೊಬ್ಬರಿ ಬೆಲ್ಲ ಬಿಚ್ಚಿ ಇಬ್ಬರೂ ತಿನ್ನುತ್ತಿದ್ದರು.

ಮಸ್ಕಿಯಲ್ಲಿ ಅಸ್ಮಾ ಹತ್ತಿದಳು. ಇಬ್ಬರು ತಾಯಂದಿರೂ ಎರಡು ಕಡೆಯಿಂದ ಒಟ್ಟಿಗೆ ಶುರು ಮಾಡಿದರು. ಅವಳು ಕೊರಳ ಸೀಟಿ ಬಾಯಿಗಿಟ್ಟು ಬಸ್ಸಿನಲ್ಲೇ ಊದಿದಳು. ಡ್ರೈವರ್ ಗಾಬರಿಯಾಗಿ ಬ್ರೇಕು ತುಳಿದ.

“ಬಸ್! ದೀಪಿಕಾ ಬಂದಾಳ, ದೀಪಿಕಾ ಓಡ್ತಾಳ. ರೂಪಾ ನಮ್ಮ ಜೊತಿ ಇರ್ತಾಳ, ಮುಂದಿನ ವರ್ಷ ಆಕಿದು. ಮಾತು ಖತಂ.”

ಪಂಪಮ್ಮ ಉಳಿದ ದಾರಿಯೆಲ್ಲ ಕಿಟಕಿಯ ಹೊರಗೆ ಉಗುಳುತ್ತ ಹೋದಳು.

ಲಿಂಗಸುಗೂರಿನ ಮೈದಾನಕ್ಕೆ ಗಿರಿಯಮ್ಮ ಕಾಲಿಟ್ಟದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಏನೂ ಇರಲಿಲ್ಲ. ಕೆಂಪು ಮಣ್ಣು, ಒಂದು ಶಾಮಿಯಾನ, ಸುಣ್ಣದ ಗೆರೆ, ಬಾಳೆಹಣ್ಣಿನ ಬುಟ್ಟಿ, ಯೋಜನೆಯ ಬ್ಯಾನರು. ಬ್ಯಾನರಿನ ಮೇಲೆ ನಗುತ್ತ ಓಡುವ ಮಕ್ಕಳ ಚಿತ್ರ. ಇಷ್ಟು ವರ್ಷ ಉರಿದಿದ್ದು ಈ ತುಂಡು ನೆಲಕ್ಕೇನು? ಅವಳು ಗೆರೆ ದಾಟಿ ಒಳಗೆ ನಾಲ್ಕು ಹೆಜ್ಜೆ ನಡೆದಳು. ಬೂಟುಗಾಲಿನ ಒಬ್ಬ ಓಡಿ ಬಂದ.

“ಅಮ್ಮಾ, ಗೆರಿ ಒಳಗ ಬರಬ್ಯಾಡ್ರಿ. ಮಕ್ಕಳಿಗೆ ಅಷ್ಟ.”

“ತುಳಿದ್ರ ಸವೀತೈತೇನು?” ಎಂದು ಗಿರಿಯಮ್ಮ ಹೊರಗೆ ಬಂದಳು. ಅಸ್ಮಾಳ ಪಕ್ಕ ನಿಂತು ಕೇಳಿದಳು: “ನಿಮ್ಮ ಯೋಜನಿ ಎಷ್ಟು ವಯಸ್ಸಿನ ತನಕ?”

“ಮಕ್ಕಳು, ಯುವಕರು ಅಕ್ಕಾ. ಇಪ್ಪತ್ತೊಂಬತ್ತು ತುಂಬೂತನ.”

“ನಂದು ಯಾವಾಗ ತುಂಬಿತೋ ಗೊತ್ತ ಆಗ್ಲಿಲ್ಲ. ಬಗ್ಗಿ ಸಸಿ ಹಚ್ಚಾಕತ್ತಿದ್ದೆ.”

ಅಸ್ಮಾ ಅವಳ ಮುಖವನ್ನು ಆವತ್ತು ಮೊದಲ ಸಲ ಸರಿಯಾಗಿ ನೋಡಿದಳು.

ರೂಪಾ ತನ್ನ ಬೂಟು ಬಿಚ್ಚಿ ದೀಪಿಕಾಳಿಗೆ ಕೊಟ್ಟಳು. “ಏ ಹುಚ್ಚಿ, ಹರೀತಾಳ ಆಕಿ, ತಿರುಗಿ ತಗೋ!” ಎಂದು ಪಂಪಮ್ಮ ಶಾಮಿಯಾನದಿಂದ ಕೂಗಿದಳು. ಬೂಟು ಸಡಿಲಾಗಿತ್ತು. ದೀಪಿಕಾ ಅದನ್ನು ಬಿಸಾಕಿ ಬರಿಗಾಲಲ್ಲಿ ಗೆರೆಗೆ ನಿಂತಳು.

ಸೀಟಿ ಊದಿದರು. ಬಲ ಮೊಣಕೈ ಹೊರಕ್ಕೆ, ಕುತ್ತಿಗೆ ಮುಂದಕ್ಕೆ, ಒಂದು ಉಸಿರಿಗೆ ಹುಡುಗಿ ಗುಂಪಿನಿಂದ ಹೊರಬಿದ್ದಳು. ಗಿರಿಯಮ್ಮ ಸೆರಗಿನ ತುದಿ ಬಾಯಿಗೆ ತುರುಕಿಕೊಂಡಳು.

“ಖುಷಿ ಆತೇನು?” ಎಂದು ಆಮೇಲೆ ನಾನು ಕೇಳಿದೆ.

“ಇಲ್ರಿ” ಎಂದಳು. “ಸುಳ್ಳು ಯಾಕ ಹೇಳ್ಲಿ? ಎದಿ ಧಗ್ಗ ಅಂತು. ಆಕಿ ಬಿದ್ದಿದ್ರೂ ಉರೀತಿತ್ತು, ಗೆದ್ರೂ ಉರೀತು. ಆದ್ರ ಕಣ್ಣು ಮಾತ್ರ ತೆಗೀಲಿಲ್ಲ ನೋಡ್ರಿ ಆಕಿ ಮ್ಯಾಲಿಂದ.”

ದೀಪಿಕಾ ಮೊದಲನೆಯವಳಾಗಲಿಲ್ಲ. ಲಿಂಗಸುಗೂರಿನ ಹುಡುಗಿಯೊಬ್ಬಳು ಅವಳನ್ನು ಹಿಂದೆ ಹಾಕಿದಳು. ಎರಡನೆಯವಳಾಗಿ ಶಿಬಿರಕ್ಕೆ ಹೆಸರು ಬಂತು. ವಾಪಸು ಬಸ್ಸಿನಲ್ಲಿ ಬಾಳೆಹಣ್ಣು ಸುಲಿಯುತ್ತಿದ್ದ ಮಗಳ ಪಕ್ಕ ಗಿರಿಯಮ್ಮ ಬಂದು ಕೂತಳು.

“ಆ ಕಾಲು ನಿಮ್ಮಪ್ಪಂದಲ್ಲ. ನಂದು” ಎಂದಳು. ತವರು, ಶಾಲೆ, ಮೂಲೆ, ಹತ್ತಿ ಹೊಲ ಎಲ್ಲವನ್ನೂ ಮಸ್ಕಿ ಬರುವಷ್ಟರಲ್ಲಿ ಹೇಳಿ ಮುಗಿಸಿದಳು.

ಮೂರು ದಿನದಿಂದ ಮಾತು ಬಿಟ್ಟಿದ್ದ ದೀಪಿಕಾ ಆಗ ಬಾಯಿ ಬಿಟ್ಟಳು: “ಮತ್ತ ನಳದ ಹತ್ರ ಯಾಕ ಹೇಳಿದಿ?”

“ಹೊಟ್ಟಿಕಿಚ್ಚಿಗೆ.”

ಹುಡುಗಿ ತಾಯಿಯ ಮುಖ ನೋಡಿದಳು. ಕ್ಷಮಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಬಾಳೆಹಣ್ಣಿನ ಅರ್ಧ ಮುರಿದು ಕೊಟ್ಟಳು. ಗಿರಿಯಮ್ಮ ತಿಂದಳು.

ಪಂಪಮ್ಮ ಸುಮ್ಮನಿರುವ ಹೆಂಗಸಲ್ಲ. ಮುಟ್ಟಾದ ಹುಡುಗಿ ಮೂರು ತಾಲ್ಲೂಕು ಮೈಲಿಗೆ ಮಾಡಿ ಬಂದಳೆಂದೂ, ಅದಕ್ಕೇ ತನ್ನ ಎಮ್ಮೆ ಹಾಲು ಕಡಿಮೆ ಮಾಡಿತೆಂದೂ ಓಣಿಯಲ್ಲಿ ಸಾರಿದಳು. ಕೆಲವರು ಹೌದೆಂದರು. ಒಂದಿಬ್ಬರು ಗಿರಿಯಮ್ಮನ ಮನೆಯ ಚಾ ಬಿಟ್ಟರು. “ಚಾಪುಡಿ ಉಳೀತು” ಎಂದಳು ಗಿರಿಯಮ್ಮ.

ಸಂಕ್ರಾಂತಿ ಕಳೆದ ಮೇಲೆ ರೂಪಾ ದೊಡ್ಡವಳಾದಳು. ಓಣಿಯ ಹೆಂಗಸರು ಆರತಿ ತಟ್ಟೆ ತೊಳೆದಿಟ್ಟುಕೊಂಡು ಕಾದರು. ಕರೆ ಬರಲಿಲ್ಲ. ಯಾಕೆಂದರೆ ಪಂಪಮ್ಮ ಲೆಕ್ಕ ಹಾಕಿದ್ದಳು: ತನ್ನ ಮಗಳು ಐದು ದಿನ ಮೂಲೆಗೆ ಕೂತರೆ ದೀಪಿ ಐದು ದಿನ ಮುಂದೆ ಹೋಗುತ್ತಾಳೆ. ಮಾರನೆಯ ಮುಂಜಾನೆ ಬಿಳಿ ಬೂಟು ಹಾಕಿಸಿ, ತಾನೇ ಕೈಹಿಡಿದು ಮೈದಾನದ ತನಕ ಬಂದು ಬಿಟ್ಟು ಹೋದಳು. ಗಿರಿಯಮ್ಮ ಕಾಂಪೌಂಡಿನ ಹತ್ತಿರವೇ ಇದ್ದಳು.

“ಏನಬೇ ಪಂಪೀ, ಎಮ್ಮಿ ಹಾಲು ಕೊಡಾಕತ್ತೈತಿಲ್ಲ ಈಗ?”

“ನನ್ನ ಎಮ್ಮಿ ಚಿಂತಿ ನಿನಗ್ಯಾಕ? ನಿನ್ನ ಮಗಳನ್ನ ನೋಡ್ಕೋ, ಹಿಂದ ಬಿದ್ದಾಳು.”

ಅದಾದ ಮೇಲೆ ಆ ಓಣಿಯಲ್ಲಿ ಇನ್ನೂ ಇಬ್ಬರು ಹುಡುಗಿಯರು ದೊಡ್ಡವರಾದರು. ಇಬ್ಬರನ್ನೂ ಕೂಡಿಸಲಿಲ್ಲ. ಗಿರಿಯಮ್ಮನ ಮಗಳೂ ಪಂಪಮ್ಮನ ಮಗಳೂ ಓಡುತ್ತಿರುವಾಗ ತಮ್ಮವಳು ಯಾಕೆ ಕೂರಬೇಕು ಎಂದು ಅವರ ತಾಯಂದಿರಿಗೂ ಉರಿ ಹತ್ತಿತ್ತು. ಇದೇ ಮೂಲೆಯ ವಿರುದ್ಧ ನಾವು ಹಾಡು ಕಟ್ಟಿದ್ದೇವೆ, ಬೀದಿ ನಾಟಕ ಆಡಿದ್ದೇವೆ, ಮುದಗಲ್‌ನಿಂದ ಸಿಂಧನೂರಿನ ತನಕ ಜಾಥಾ ಬಂದಿದ್ದೇವೆ. ಜನ ಚಪ್ಪಾಳೆ ಹೊಡೆದು, ಮನೆಗೆ ಹೋಗಿ ಚಾಪೆ ಹಾಸಿದರು. ಇಬ್ಬರು ನೆಗೆಣ್ಣಿಯರು ಒಬ್ಬರನ್ನೊಬ್ಬರು ಸಹಿಸಲಾರದೆ ಆ ಚಾಪೆ ಸುತ್ತಿಟ್ಟರು. ಇದನ್ನು ಬರೆಯುವುದು ನನಗೇನೂ ಹೆಮ್ಮೆಯಲ್ಲ, ಆದರೆ ನಡೆದದ್ದು ಇದು. ದಿಲ್ಲಿಯ ಯೋಜನೆಯಲ್ಲಿ ಮೊಬೈಲ್ ಹಿಡಿದು ಕೂತ ಮಕ್ಕಳ ಮಾತಿದೆ. ನಾವು ಹಿಡಿದು ಕೂಡಿಸಿದ ಹುಡುಗಿಯರ ಮಾತು ಅದರಲ್ಲಿಲ್ಲ. ಯಾಕಿಲ್ಲವೆಂದರೆ ನಾವು ಯಾರೂ ಅವರಿಗೆ ಹೇಳಿಲ್ಲ.

ಗಿರಿಯಮ್ಮ ಈಗಲೂ ಉರಿಯುತ್ತಾಳೆ. ದೀಪಿಕಾ ಶಿಬಿರಕ್ಕೆ ಹೊರಟ ದಿನ ಚೀಲಕ್ಕೆ ಬಟ್ಟೆ ತುಂಬಿದವಳು ಅವಳೇ, ತುಂಬುತ್ತ ಬೈದವಳೂ ಅವಳೇ. ಆ ಉರಿ ಆರುವುದು ಬೇಡ.

ಇನ್ನು ನಿಮ್ಮ ಮಾತು. ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲಿ, ನಿಮ್ಮ ತಮ್ಮನ ಮನೆಯಲ್ಲಿ, ಗೋಡೆಯಾಚೆಯ ಮನೆಯಲ್ಲಿ ಹನ್ನೆರಡು, ಹದಿಮೂರರ ಹುಡುಗಿ ಇದ್ದಾಳೆ. ಇವತ್ತಲ್ಲ ನಾಳೆ ಅವಳು ದೊಡ್ಡವಳಾಗುತ್ತಾಳೆ. ಆರತಿ ಮಾಡುವುದಿದ್ದರೆ ಮಾಡಿ, ಮಾದಲಿ ತಿನ್ನುವುದಿದ್ದರೆ ತಿನ್ನಿ, ನನ್ನನ್ನೂ ಕರೆಯಿರಿ. ಆದರೆ ಮಾರನೆಯ ಮುಂಜಾನೆ ಅವಳು ಮೈದಾನದಲ್ಲಿರಬೇಕು. ಹಿತ್ತಲ ಬಾಗಿಲಿನಿಂದಲ್ಲ, ಓಣಿಯೆಲ್ಲ ನೋಡುವಂತೆ ನೀವೇ ಕರೆದುಕೊಂಡು ಹೋಗಬೇಕು. ಹೋಗುತ್ತೀರೋ ಇಲ್ಲವೋ, ಈಗಲೇ ಹೇಳಿ.